ಜೋಳದ ಡಬ್ಬಿಯ ಸ್ಟುಡಿಯೋ

ಮಾತಾಡಲಾರದವನು ಮೈಕು ಡೊಂಕು ಅಂದನಂತೆ. ಗಾದೆ ಹಾಗಲ್ಲ ಅಂತ ನಿಮ್ಮ ಕನ್ನಡ ಟೀಚರ್ ಕಿವಿ ಹಿಂಡಿದರೆ ಹಿಂಡಲಿ. ಕತೆ ಮಾತ್ರ ಸಿಕಂದರಾಬಾದ್ ಪಕ್ಕದ ಮಲ್ಕಾಜ್‌ಗಿರಿಯಲ್ಲಿ ನಡೆದದ್ದು, ಕೂದಲೆಳೆಯಷ್ಟೂ ಸುಳ್ಳಿಲ್ಲ.

"ಟೆಸ್ಟಿಂಗ್, ಒನ್, ಟೂ... ಟೆಸ್ಟಿಂಗ್, ಒನ್..."

ಪೋಂ! ಕಿಟಕಿಯಾಚೆ ಲೋಕಲ್ ರೈಲುಗಾಡಿ ಕೂಗುತ್ತ ಹೋಯಿತು.

"ಕಟ್! ಕಟ್!" ಶಿವಪ್ರಕಾಶ ಕಾಕಾ ಲ್ಯಾಪ್‌ಟಾಪಿನ ಮುಂದೆ ಹಣೆ ಹಣೆ ಬಡಿದುಕೊಂಡ. "ಈ ಮೈಕ್ ವೇಸ್ಟ್. ನಮಗ ಬೇಕಾಗಿದ್ದು ಎದುರಿನ ದನಿ ಅಷ್ಟ ಹಿಡಿಯೋ ಶಾಟ್‌ಗನ್ ಮೈಕ್."

ಅಡುಗೆಮನೆಯಿಂದ ಅಜ್ಜಿ ಗಿರಿಜಾಬಾಯಿ ಇಣುಕಿದರು. "ಗನ್ನಾ? ಯಪ್ಪಾ ಶಿವ್ಯಾ, ಗಾಡಿಗೆ ಗುಂಡು ಹೊಡ್ಯಾಂವೇನ ನೀ?"

ಬೇರೆ ದಿನವಾಗಿದ್ದರೆ ಪಿಂಕಿ ನಕ್ಕು ನಕ್ಕು ಉರುಳಾಡುತ್ತಿದ್ದಳು. ಇವತ್ತು ನಗು ಬರಲಿಲ್ಲ. ಇವತ್ತು ಶನಿವಾರ. ಸೋಮವಾರ ಬೆಳಿಗ್ಗೆಯೊಳಗೆ ವಿಡಿಯೋ ಕಳಿಸಬೇಕು.

ಪಿಂಕಿಯ ಐದನೇ ಕ್ಲಾಸಿನ ಸುಮತಿ ಟೀಚರ್ ಹೇಳಿದ್ದು ಇಷ್ಟೇ: ಮನೆಯ ಹಿರಿಯರೊಬ್ಬರನ್ನು ಮಾತಾಡಿಸಿ, ಮನೆಯ ಭಾಷೆಯಲ್ಲಿ, ಐದು ನಿಮಿಷದ ವಿಡಿಯೋ ಪಾಡ್‌ಕಾಸ್ಟ್ ಮಾಡಿ ಕಳಿಸಿ. ಎಲ್ಲವನ್ನೂ ಹಾಲ್‌ನಲ್ಲಿ ದೊಡ್ಡ ಪರದೆ ಮೇಲೆ ತೋರಿಸುತ್ತಾರೆ. ತೆಲುಗಿನವರು ಹತ್ತೊಂಬತ್ತು ಮಂದಿ, ಹಿಂದಿ-ಉರ್ದುವಿನವರು ಹನ್ನೆರಡು, ಮರಾಠಿ ಇಬ್ಬರು. ಕನ್ನಡಕ್ಕೆ ಪಿಂಕಿ ಒಬ್ಬಳೇ, ಅವಳು ಮಾತಾಡಿಸಬೇಕಾದದ್ದು ಅಜ್ಜನನ್ನು. ಅವಳದು ಬರದಿದ್ದರೆ ಪರದೆಯ ಮೇಲೆ ಕನ್ನಡವೇ ಬರುವುದಿಲ್ಲ.

"ನನಗ ಬಿಡು. ಪ್ರೊಫೆಷನಲ್ಲಾಗಿ ಮಾಡೋಣು" ಅಂದಿದ್ದ ಕಾಕಾ. ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಎಂಜಿನಿಯರ್ ಹಾಗಂದ ಮೇಲೆ ಇನ್ನೇನು ಚಿಂತೆ?

ಅದಾಗಿ ಒಂದು ತಿಂಗಳು. ಕಾಕಾನ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಹಾಗಲಬಳ್ಳಿಯ ಹಾಗೆ ಹಬ್ಬಿತ್ತು. ಮೈಕು ಇಪ್ಪತ್ಮೂರು ಬಗೆ, ಲೈಟು ಆರು, ಟ್ರೈಪಾಡು ಒಂಬತ್ತು. ಎಡಿಟಿಂಗ್ ಸಾಫ್ಟ್‌ವೇರುಗಳ ಕತೆಯೇ ಬೇರೆ. ಒಂದು ಪುಕ್ಕಟೆ, ಆದರೆ ತೆರೆದರೆ ಲ್ಯಾಪ್‌ಟಾಪ್ ಕಲ್ಲಾಗುತ್ತಿತ್ತು. ಇನ್ನೊಂದು ಅಜ್ಜನ ಹಣೆಯ ಮೇಲೆ ತನ್ನ ಹೆಸರನ್ನು ವಿಭೂತಿಯಂತೆ ಬಳಿಯುತ್ತಿತ್ತು. ಮೂರನೆಯದು ಏಳು ದಿನ ಫ್ರೀ. ಅದನ್ನು ಬಳಸೋಣವೋ ಬೇಡವೋ ಎಂದು ಯೋಚಿಸುವುದರಲ್ಲಿ ಕಾಕಾ ಆರು ದಿನ ಕಳೆದಿದ್ದ.

"ಅಮೀರ್‌ಪೇಟ್‌ದಾಗ ಒಂದು ಅಂಗಡಿ ಐತಿ. ಸಂಜೀಕ ಬರ್ತೀನಿ. ಯಾರೂ ಏನೂ ಮುಟ್ಟಬ್ಯಾಡ್ರಿ!" ಎಂದು ಕಾಕಾ ಚಪ್ಪಲಿ ಮೆಟ್ಟಿ ಹೊರಟ.

ಬಾಗಿಲು ಮುಚ್ಚಿದ್ದೇ ತಡ, ಪಿಂಕಿ ಸೊಂಟದ ಮೇಲೆ ಕೈಯಿಟ್ಟು ಕಾಕಾನ ದನಿ ತೆಗೆದಳು. "ಬೇಸ್ ಇಲ್ಲ! ಕ್ಲಾರಿಟಿ ಇಲ್ಲ! ರಿವ್ಯೂ ನೋಡಬೇಕು!" ಅಷ್ಟರಲ್ಲಿ ಅವಳ ಸ್ವಂತ ದನಿಯೇ ಒಡೆದು ಅಳು ಬಂದುಬಿಟ್ಟಿತು.

ಅಜ್ಜ ಹಣಮಂತರಾಯರು ಪೇಪರ್ ಮಡಿಸಿದರು. ಪಿಂಕಿ ಅವರನ್ನು ಮುತ್ಯಾ ಅಂತಲೇ ಕರೆಯುವುದು. ಕಂಪ್ಯೂಟರಿನ ದನಿ ಬರುವ ಮೊದಲು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಗಾಡಿಗಳ ಅನೌನ್ಸ್‌ಮೆಂಟ್ ಮಾಡುತ್ತಿದ್ದವರು ಅವರೇ.

"ಯಾಕ ಅಳಾಕತ್ತೀ? ಇಪ್ಪತ್ತೆಂಟು ವರ್ಷ ಒಂದ ಮೈಕಿನ್ಯಾಗ ಮಾತಾಡೀನಿ. ಅದರ ಬಾಯಿಗೆ ಕರವಸ್ತ್ರ ಕಟ್ಟಿದ್ದೆ, ಅಷ್ಟ. ನನ್ನ ಫೋನ್ ತಗೊಂಬಾ."

"ರೂಮಿನ್ಯಾಗ ಮಾತು ಗುಂಯ್ ಅಂತೈತಿ ಮುತ್ಯಾ. ಕಾಕಾ ಗ್ವಾಡಿಗೆ ಫೋಮ್ ಹಚ್ಚಬೇಕಂದಾನ."

"ನಿಮ್ಮಜ್ಜಿ ಹೊಲಿದ ಕೌದಿ ಯಾತಕ್ಕ ಅದಾವ?"

ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಅಜ್ಜಿ ಹೊಲಿದ ಮೂರು ಕೌದಿಗಳು ಬಟ್ಟೆ ಒಣಹಾಕುವ ಹಗ್ಗದ ಮೇಲೇರಿದವು. ಮೂರು ಕಡೆ ಕೌದಿ, ಒಂದು ಕಡೆ ಮುಚ್ಚಿದ ಕಿಟಕಿಯ ಬೆಳಕು. ಪಿಂಕಿ ಚಪ್ಪಾಳೆ ತಟ್ಟಿ ನೋಡಿದಳು. ಗುಂಯ್ ಅನ್ನುವುದು ಎಲ್ಲೋ ಅಡಗಿಹೋಗಿತ್ತು! ಅಜ್ಜಿ ಐದು ಕಿಲೋದ ಜೋಳದ ಡಬ್ಬಿ ತಂದು ಸ್ಟೂಲಿನ ಮೇಲಿಟ್ಟರು. ಫೋನನ್ನು ಜೋಳದೊಳಗೆ ನೆಟ್ಟರೆ ಅಲುಗಾಡದೆ ನಿಂತಿತು.

"ಗಾಡಿ ಸಪ್ಪಳಕ್ಕ ಏನ್ ಮಾಡೋದು?"

ಮುತ್ಯಾ ಗೋಡೆ ಗಡಿಯಾರ ನೋಡಿದರು. "ಈಗ ಒಂದು ಗೂಡ್ಸ್ ಹೋಗ್ತೈತಿ." ಹೋಯಿತು. "ಇನ್ನ ಹನ್ನೊಂದು ನಿಮಿಷ ಯಾವ ಗಾಡಿನೂ ಇಲ್ಲ. ಹ್ಞೂಂ, ಶುರು ಮಾಡು."

ಪಿಂಕಿ ಕೆಂಪು ಗುಂಡಿ ಒತ್ತಿದಳು. ಪರದೆಯ ಮೇಲೆ ತನ್ನದೇ ಮುಖ. ಊರವರ ದನಿಯನ್ನೆಲ್ಲ ತೆಗೆಯುವವಳಿಗೆ ಈಗ ತನ್ನ ದನಿಯೇ ಸಿಗಲಿಲ್ಲ.

"ಮುತ್ಯಾ... ಲೈಟ್ ಸಾಲಂಗಿಲ್ಲ ಅನಸ್ತೈತಿ. ನಾಳೆ ಮಾಡೋಣೇನ?"

"ಒಂಬತ್ತು ನಿಮಿಷ ಉಳಿದಾವ ನೋಡವ್ವ" ಎಂದರು ಮುತ್ಯಾ, ಅವಸರವಿಲ್ಲದೆ.

ಪಿಂಕಿ ಫೋನಿನ ಕಡೆ ಬಾಗಿದಳು. "ನಮಸ್ಕಾರ್ರಿ. ನಾನು ಪಿಂಕಿ. ಇವರು ನಮ್ಮ ಮುತ್ಯಾ."

ಆಮೇಲೆ ಗಾಡಿ ಹಳಿ ಹಿಡಿಯಿತು. ಮುತ್ಯಾ ಒಂದು ಹಳೆಯ ಸಂಗತಿ ಹೇಳಿದರು. ಒಮ್ಮೆ ಅನೌನ್ಸ್‌ಮೆಂಟ್ ಕೋಣೆಯ ಕಿಟಕಿಯಿಂದ ನೋಡಿದರೆ, ಕಂಕುಳಲ್ಲಿ ಕೂಸು, ತಲೆ ಮೇಲೆ ಗಂಟು ಹೊತ್ತ ಒಬ್ಬ ಹೆಣ್ಣುಮಗಳು "ರಾಯಚೂರ, ರಾಯಚೂರ" ಅನ್ನುತ್ತ ತಪ್ಪು ಪ್ಲಾಟ್‌ಫಾರ್ಮಿನಲ್ಲಿ ಓಡಾಡುತ್ತಿದ್ದಳು. ಗಾಡಿ ಹೊರಡಲು ಎರಡೇ ನಿಮಿಷ. ಮೈಕಿನಲ್ಲಿ ತೆಲುಗು, ಹಿಂದಿ, ಇಂಗ್ಲಿಷು ಬಿಟ್ಟು ಬೇರೆ ಭಾಷೆ ಆಡುವಂತಿರಲಿಲ್ಲ. ಮುತ್ಯಾ ಆಡೇಬಿಟ್ಟರು. "ಹಸರ ಸೀರಿ ಅವ್ವಾರ, ನಿಮ್ಮ ಗಾಡಿ ಆರನೇ ಪ್ಲಾಟ್‌ಫಾರ್ಮಿನ್ಯಾಗ ನಿಂತೈತಿ, ಓಡ್ರಿ!"

"ಗಾಡಿ ಸಿಕ್ತಾ ಮುತ್ಯಾ?"

"ಆಕೀಗೆ ಗಾಡಿ ಸಿಕ್ತು, ನನಗ ಸಾಹೇಬರ ಬೈಗುಳ ಸಿಕ್ತು."

ಫೋನಿನಲ್ಲೇ ಹಿಂದೊಂದಿಷ್ಟು ಮುಂದೊಂದಿಷ್ಟು ಕತ್ತರಿಸಿದ್ದಾಯಿತು. ಟೀಚರ್‌ಗೆ ಕಳಿಸಿದ್ದೂ ಆಯಿತು. ಕಾಕಾನ ಲ್ಯಾಪ್‌ಟಾಪಿಗೂ ಒಂದು ಪ್ರತಿ ಹೋಯಿತು, ಫೋನು ಮತ್ತೆ ಜೋಳದೊಳಗೆ ನಿಂತಿತು.

ಸಂಜೆ ಕಾಕಾ ಮಿರ್ಚಿ ಬಜ್ಜಿಯ ಪೊಟ್ಟಣದೊಂದಿಗೆ ಬಂದ. ಮೈಕು ಮಾತ್ರ ಇರಲಿಲ್ಲ. "ಮುಂದಿನ ತಿಂಗಳು ಹೊಸಾ ಮಾಡೆಲ್ ಬರ್ತೈತಂತ. ಕಾಯೋಣು."

ಪಿಂಕಿ ಮುತ್ಯಾನ ಮುಖ ನೋಡಿದಳು. ಮುತ್ಯಾ ಪೇಪರಿನ ಹಿಂದೆ ಅಡಗಿದರು.

"ನಾವು ರೆಕಾರ್ಡ್ ಮಾಡಿದ್ವಿ ಕಾಕಾ. ಒಂದು ಮೈಕ್ ಸಿಕ್ತು, ಜೆ.ಡಿ. ಫೈವ್." ಅವಳು ಥೇಟ್ ಅಮೀರ್‌ಪೇಟ್ ಅಂಗಡಿಯವನ ದನಿ ತೆಗೆದು ಎರಡು ವರ್ಷದ ವಾರಂಟಿಯನ್ನೂ ಕೊಟ್ಟಳು. "ಲೇಟೆಸ್ಟ್ ಪೀಸ್ ಸಾರ್! ರೆಂಡು ಸಂವತ್ಸರಾಲ ವಾರಂಟಿ!"

"ಜೆ.ಡಿ. ಫೈವಾ?" ಕಾಕಾನ ಹುಬ್ಬು ಏರಿತು. ಗೊತ್ತಿಲ್ಲ ಅನ್ನುವುದು ಎಂಜಿನಿಯರಿಗೆ ಹೇಗೆ ಸಾಧ್ಯ? "ಹಾಂ, ಹಾಂ. ಜರ್ಮನ್ ಕಂಪನಿ. ರಿವ್ಯೂ ಓದೀನಿ."

ಹೆಡ್‌ಫೋನ್ ಹಾಕಿ ಲ್ಯಾಪ್‌ಟಾಪಿನಲ್ಲಿ ವಿಡಿಯೋ ನೋಡಿದ. ನೋಡುತ್ತ ನೋಡುತ್ತ ಕಣ್ಣರಳಿತು. "ನೋಡ್ರಿ, ಬೇಸ್ ಅಂದ್ರ ಇದು! ಅರೆ, ಒಂದೂ ಗಾಡಿ ಸಪ್ಪಳ ಇಲ್ಲ. ಯಾವ ಸಾಫ್ಟ್‌ವೇರ್ಲೆ ತಗದೀರಿ?"

"ಭಾಳ ಹಳೇದು ಕಾಕಾ. ರೈಲ್ವೆಯವರದು."

ಕಾಕಾ ಪಟ್ಟಿಗೆ ಇಪ್ಪತ್ನಾಲ್ಕನೇ ಮೈಕು ಸೇರಿಸಿ ಐದು ಸ್ಟಾರ್ ಕೊಟ್ಟೇಬಿಟ್ಟ.

ಆಗ ಅಜ್ಜಿ ಡಬ್ಬಿ ಎತ್ತಿಕೊಂಡು ಬಂದರು. "ಶಿವ್ಯಾ, ಗಿರಣಿಗೆ ಹೋಗಿ ಬಾ. ಪಿಂಕಿ, ಮುತ್ಯಾನ ಫೋನ್ ಇದರಾಗ ಐತಿ, ತಕ್ಕೋ. ಫೋನ್ ಬೀಸಿದ್ರ ನಾಳೆ ರೊಟ್ಟಿ ರಿಂಗ್ ಆದಾವು!"

ಕಾಕಾ ಡಬ್ಬಿ ನೋಡಿದ. ಜೋಳದಲ್ಲಿ ನೆಟ್ಟ ಫೋನ್ ನೋಡಿದ. ಹಗ್ಗದ ಮೇಲಿನ ಕೌದಿ ನೋಡಿದ.

"ಜೋಳದ ಡಬ್ಬಿ, ಐದು ಕಿಲೋದ್ದು" ಎಂದರು ಮುತ್ಯಾ, ಪೇಪರಿನ ಹಿಂದಿನಿಂದ. "ಜರ್ಮನಿದಲ್ಲಪ್ಪ, ನಮ್ಮ ಬಿಳಿಜೋಳ."

ಕಾಕಾನ ಕಿವಿ ಕೆಂಪಾಯಿತು. ಪಿಂಕಿಗೆ ಒಂದು ಸಂಗತಿ ಹೊಳೆಯಿತು. ಒಂದು ತಿಂಗಳಲ್ಲಿ ಕಾಕಾ 'ಒನ್, ಟೂ' ದಾಟಿ 'ತ್ರೀ' ಅಂದದ್ದು ಅವಳು ಕೇಳಿಯೇ ಇರಲಿಲ್ಲ. ಪ್ರತಿ ಸಲ ಅಲ್ಲಿಗೇ ನಿಲ್ಲಿಸಿ, ಮೈಕ್ ಸರಿಯಿಲ್ಲ ಅನ್ನುತ್ತಿದ್ದ. ಮಧ್ಯಾಹ್ನ ತಾನೂ ಲೈಟ್ ಸಾಲದು ಅಂದಿದ್ದಳಲ್ಲ! ಲೈಟ್ ಚೆನ್ನಾಗಿಯೇ ಇತ್ತು.

ಅವಳು ಡಬ್ಬಿಯನ್ನು ಮೆಲ್ಲಗೆ ಕಾಕಾನ ಕಡೆಗೆ ತಿರುಗಿಸಿದಳು.

"ನನಗೂ ದನಿ ಬಂದಿರಲಿಲ್ಲ ಕಾಕಾ" ಎಂದಳು, ಅವನಿಗಷ್ಟೇ ಕೇಳುವ ಹಾಗೆ. "ಒಂಬತ್ತು ನಿಮಿಷ ಇದ್ದಾಗ ಸರಿಹೋತು." ಕೆಂಪು ಗುಂಡಿ ಒತ್ತಿದಳು.

ಕಾಕಾ ಫೋನನ್ನು ನೋಡಿದ. ಅದರಲ್ಲಿ ಅವನದೇ ಮುಖ, ಕೊರಳ ತನಕ ಜೋಳ.

"ಟೆಸ್ಟಿಂಗ್... ಒನ್... ಟೂ..." ಒಂದು ಕ್ಷಣ ತಡೆದ. "ತ್ರೀ! ನಮಸ್ಕಾರ್ರಿ, ನಾನು ಜೆ.ಡಿ. ಫೈವ್ ಕಂಪನಿ..."

ಮುಂದಿನದು ಬರಲೇ ಇಲ್ಲ. ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅಜ್ಜಿ ನಕ್ಕರು, ಮುತ್ಯಾನ ಪೇಪರು ಅಲುಗಾಡಿತು, ಪಿಂಕಿ ನೆಲಕ್ಕೆ ಉರುಳಿದಳು. ಕಾಕಾನ ನಗು ಎಲ್ಲರದಕ್ಕಿಂತ ಜೋರು. ಎಷ್ಟು ಜೋರೆಂದರೆ, ಕಿಟಕಿಯಾಚೆ ಕೂಗುತ್ತ ಹೋದ ಗಾಡಿ ಯಾರಿಗೂ ಕೇಳಿಸಲಿಲ್ಲ, ಮುತ್ಯಾನಿಗೂ.