ನಡುವೆ ನಿಲ್ಲಿಸಬಾರದ ಗಾಡಿ

ಹೆದ್ದಾರಿಯ ಅಂಚಿನ ತುಂಬ ಪುದೀನ ಚೆಲ್ಲಿತ್ತು. ಸೊಪ್ಪಿನ ಕಂತೆಗಳ ನಡುವೆ ಕದ್ದೂರ್ ಅಜ್ಜ ಮಗ್ಗುಲಾಗಿ ಬಿದ್ದಿದ್ದ. ಮೊರಾಕ್ಕೊದ ಮೆಕ್ನೆಸ್ ಪೇಟೆಗೆ ಪುದೀನ ಬೆಳೆದು ಕೊಡುತ್ತಿದ್ದ ಮುದುಕ. ಹೊಲ ಹೆದ್ದಾರಿಯ ಆ ಕಡೆ, ಮನೆ ಈ ಕಡೆ. ಗುರುವಾರ ಮುಸ್ಸಂಜೆ ದಾಟುವಾಗ ಯಾವುದೋ ಗಾಡಿ ಹೊಡೆದು ಹೋಗಿತ್ತು. ಶುಕ್ರವಾರ ಬೆಳಗ್ಗೆ ಕುರಿಗಾಹಿಯೊಬ್ಬ ನೋಡಿದ.

"ತಕ್ಷಣ ಸತ್ತಿಲ್ಲ," ಎಂದ ವೈದ್ಯ. "ಇಷ್ಟು ದೂರ ತೆವಳಿದ್ದಾನೆ, ನೋಡಿ. ಹೊಡೆದವನು ನಿಲ್ಲಿಸಿ ಆಸ್ಪತ್ರೆಗೆ ಹಾಕಿದ್ರೆ ಉಳೀತಿದ್ದ."

ಅಲ್ಲಿನ ಪೊಲೀಸ್ ದಳವಾದ ಜೆಂಡಾರ್ಮಿನ ಅಧಿಕಾರಿ ನಜಾತಳ ಮೈ ಉರಿದುಹೋಯಿತು. ಹೊಡೆದದ್ದು ಅಚಾತುರ್ಯ ಇರಬಹುದು. ನಿಲ್ಲಿಸದೆ ಹೋದದ್ದು ಕೊಲೆ.

ಮೊದಲು ಲಾರಿಯವರ ಮೇಲೆ ಅನುಮಾನ ಬಂತು. ಆದರೆ ಸೊಪ್ಪಿನಡಿ ಸಿಕ್ಕ ಹೆಡ್‌ಲೈಟಿನ ಚೂರು ಲಾರಿಯದಲ್ಲ. ದುಬಾರಿ ಡೀಸೆಲ್ ಕಾರಿನದು. ಅದನ್ನು ಗುರುತಿಸಲು ನಜಾತಳಿಗೆ ಯಾರ ನೆರವೂ ಬೇಕಿರಲಿಲ್ಲ. ಅದೇ ಜಾತಿಯ ಗಾಡಿ ಅವಳ ಮನೆ ಮುಂದೆಯೂ ಕೆಟ್ಟು ನಿಂತಿತ್ತು. ಬೆಲ್ಜಿಯಂನಲ್ಲಿದ್ದ ಮೈದುನ ಅಗ್ಗಕ್ಕೆಂದು ತಗುಲಿಸಿದ್ದ ಬಿಳಿಯಾನೆ ಅದು. ಒಂದು ವರ್ಷ ಇಂಜೆಕ್ಟರ್, ಮರುವರ್ಷ ಟರ್ಬೊ. ಅವಳ ಸಂಬಳವೆಲ್ಲ ಅದರ ಹೊಟ್ಟೆಗೆ ಹೋಗುತ್ತಿತ್ತು.

*

ಗುರುವಾರ ಸಂಜೆ ಖೆಮಿಸೆತ್ ಟೋಲ್ ಗೇಟಿನ ಕ್ಯಾಮೆರಾದಲ್ಲಿ ಒಂದೇ ಹೆಡ್‌ಲೈಟ್ ಉರಿಯುತ್ತಿದ್ದ ಬೂದು ಕಾರು ಸಿಕ್ಕಿತು. ನಂಬರ್ ಕಂಡಿತು, ಚಾಲಕನ ಮುಖ ಕಾಣಲಿಲ್ಲ. ಮಾಲೀಕ ಹಾಜಿ ತುಹಾಮಿ. ಜಮೀನು ದಲ್ಲಾಳಿ. ಮಸೀದಿಯಲ್ಲಿ ಮೊದಲ ಸಾಲು, ಠಾಣೆಯಲ್ಲಿ ಮೊದಲ ಕುರ್ಚಿ.

ಹಾಜಿ ಗಾಬರಿಯಾಗಲೇ ಇಲ್ಲ. "ಗಾಡಿ ಬುಧವಾರದಿಂದ ನನ್ನ ಹತ್ರ ಇಲ್ಲಮ್ಮ. ಬೆಳಗ್ಗೆ ಹೊಗೆಯ ಮಸಿ ಹಿಡಿಯೋ ಫಿಲ್ಟರಿನ ಹಳದಿ ದೀಪ ಹತ್ತಿಕೊಳ್ತು. ಅದೇ ಮೊದಲ ಸಲ. ಮಧ್ಯಾಹ್ನವೇ ಗ್ಯಾರೇಜಿನ ಬೂಶ್ತಾ ಮೇಸ್ತ್ರಿಗೆ ಒಪ್ಪಿಸಿದೆ. ಆಮೇಲೆ ಮುಟ್ಟಿಲ್ಲ."

ಗಾಡಿ ನಿಜಕ್ಕೂ ಬೂಶ್ತಾನ ಅಂಗಳದಲ್ಲಿತ್ತು. ಒಡೆದ ಹೆಡ್‌ಲೈಟ್ ಬಿಚ್ಚಿ ಪಕ್ಕಕ್ಕಿಟ್ಟಿದ್ದ.

"ಬುಧವಾರ ಅಲ್ಲ ಮೇಡಂ, ಶುಕ್ರವಾರ ಬೆಳಗ್ಗೆ ತಂದ್ರು! ಗೇಟಿನ ಕಂಬಕ್ಕೆ ತಗುಲ್ತು, ಲೈಟು ಹಾಕು ಅಂದ್ರು. ಅಷ್ಟೇ."

"ಫಿಲ್ಟರ್ ವಿಷಯ?"

"ಯಾವ ಫಿಲ್ಟರ್? ನನ್ನ ಹತ್ರ ಅದರ ಮಾತೇ ಎತ್ತಿಲ್ಲ. ನಾನು ಮುಟ್ಟೂ ಇಲ್ಲ."

ಠಾಣೆಯ ಕಮಾಂಡರಿಗೆ ಅಷ್ಟೇ ಸಾಕಾಯಿತು. ಹಾಜಿಯ ಮಾತೇ ಸಾಕ್ಷಿ, ಮೇಸ್ತ್ರಿಯ ಎಣ್ಣೆ ಕೈಯೇ ಅಪರಾಧ. ಬೂಶ್ತಾನನ್ನು ಒಳಗೆ ಹಾಕಿದರು. ಬಡವನ ಸಿಟ್ಟು ದವಡೆಗೆ ಮೂಲ ಎನ್ನುವುದು ಅವನಿಗೂ ಗೊತ್ತಿತ್ತು. ಆದರೂ ಕಂಬಿ ಹಿಡಿದು ಕೂಗಾಡಿದ. "ನನ್ನ ಹೆಂಡ್ತಿ ಬಸುರಿ ಸ್ವಾಮೀ! ನಾಳೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದ್ರೆ ನನ್ನ ಮಾತು ಯಾರು ನಂಬ್ತಾರೆ?"

ನಜಾತ್ ಮೇಸ್ತ್ರಿಯ ಅಂಗಳಕ್ಕೆ ಹೋಗಿ ಬೂದು ಕಾರಿನ ಕೀಲಿ ತಿರುಗಿಸಿದಳು. ಇಂಜಿನ್ ಹಿತವಾಗಿ ಗುನುಗಿತು. ಹಳದಿ ದೀಪ ಎಲ್ಲೂ ಇರಲಿಲ್ಲ. ಯಾರೂ ಫಿಲ್ಟರ್ ಮುಟ್ಟದೆ ಅದು ಆರಿದ್ದು ಹೇಗೆ?

*

ಹಾಜಿಯ ಮನೆಯಲ್ಲಿ ಚಹಾ ಬಂತು. ಪುದೀನದ ಘಮ ಅವಳ ಮೂಗಿಗೆ ಬಡಿಯಿತು. ಲೋಟ ಮುಟ್ಟಲಿಲ್ಲ.

"ಕೇಸ್ ಮುಗೀತಲ್ಲ ತಂಗಿ, ಮತ್ತೇನು?"

"ಒಂದು ರುಜು ಬೇಕು ಅಷ್ಟೇ, ಹಾಜಿಯವರೇ." ನಜಾತ್ ನಿಟ್ಟುಸಿರುಬಿಟ್ಟಳು. "ನನ್ನ ಹತ್ರಾನೂ ಇಂಥದೇ ಗಾಡಿ ಇದೆ. ಆ ಹಾಳು ಫಿಲ್ಟರ್ ಹೊಸದು ಹಾಕ್ಸಿ ಅಂತಾರೆ ಶೋರೂಮಿನವರು. ಬೆಲೆ ಕೇಳಿ ಎದೆ ಒಡೀತು."

ಹಾಜಿಯ ಮುಖ ಅರಳಿತು. "ಕಳ್ಳರು! ಆಯಿಲ್ ಬದಲಿಸೋಕೆ ಹೋದ್ರೆ ಕಿಡ್ನಿ ಕೇಳ್ತಾರೆ. ನನಗೂ ಅದೇ ಬೆಲೆ ಹೇಳಿದ್ರು."

"ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದ್ರೆ ಮಸಿ ತಾನೇ ಸುಟ್ಟುಹೋಗುತ್ತಂತೆ. ನಾನೂ ಓಡಿಸ್ದೆ. ಅರ್ಧ ದಾರೀಲಿ ಫೋನ್ ಬಂತು ಅಂತ ನಿಲ್ಲಿಸ್ದೆ. ದೀಪ ಕೆಂಪಾಯ್ತು. ಇರೋದೂ ಕೆಟ್ಟುಹೋಯ್ತು."

"ಅಯ್ಯೋ ಹುಚ್ಚಿ!" ಹಾಜಿ ತೊಡೆ ತಟ್ಟಿದ. "ಅಲ್ಲೇ ಎಡವಿದ್ದು ನೀನು. ಒಮ್ಮೆ ಸುಡೋಕೆ ಶುರುವಾದ್ರೆ ನಡುವೆ ನಿಲ್ಲಿಸಲೇಬಾರದು. ಆಕಾಶ ಬಿದ್ರೂ ಕಾಲು ಎತ್ತಬಾರದು. ನಾನು ಖೆಮಿಸೆತ್‌ವರೆಗೂ ಒಂದೇ ಉಸಿರಲ್ಲಿ ಓಡಿಸ್ದೆ. ಟೋಲ್ ಹತ್ರ ಬರೋ ಹೊತ್ತಿಗೆ ದೀಪ ಆರಿಹೋಯ್ತು. ಒಂದು ಕಾಸೂ ಖರ್ಚಿಲ್ಲ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಾಜಿಯ ನಗು ತುಟಿಯ ಮೇಲೇ ಒಣಗಿತು.

"ಯಾವತ್ತು ಓಡಿಸಿದ್ರಿ?" ಎಂದಳು ನಜಾತ್.

"ಅದು... ಹಿಂದೆ ಯಾವತ್ತೋ..."

"ಹಿಂದೆ ಹೇಗೆ? ದೀಪ ಹತ್ತಿದ್ದು ಬುಧವಾರ ಬೆಳಗ್ಗೆ, ಅದೇ ಮೊದಲ ಸಲ. ನೀವೇ ಬರೆಸಿದ್ದು. ಅವತ್ತು ಮಧ್ಯಾಹ್ನವೇ ಗಾಡಿ ಮೇಸ್ತ್ರಿಗೆ ಕೊಟ್ಟೆ, ಆಮೇಲೆ ಮುಟ್ಟಿಲ್ಲ ಅಂದವರೂ ನೀವೇ. ಈ ವಾರ ನಿಮ್ಮ ಗಾಡಿ ಖೆಮಿಸೆತ್ ಟೋಲ್ ದಾಟಿದ್ದು ಒಂದೇ ಸಲ. ಗುರುವಾರ ಸಂಜೆ. ಆಗಲೇ ಒಂದು ಲೈಟು ಒಡೆದಿತ್ತು."

"ಬೂಶ್ತಾನೇ ಓಡಿಸಿರಬಹುದಲ್ಲ?"

"ದೀಪ ಆರಿದ್ದನ್ನ ಕಣ್ಣಾರೆ ಕಂಡವರು ನೀವು. ಬೂಶ್ತಾನಿಗೆ ಆ ದೀಪ ಹತ್ತಿದ್ದೇ ಗೊತ್ತಿಲ್ಲ. ಅವನಿಗೆ ಫಿಲ್ಟರ್ ವಿಷಯ ಯಾಕೆ ಹೇಳ್ಲಿಲ್ಲ ಹಾಜಿಯವರೇ? ಶುಕ್ರವಾರದ ಹೊತ್ತಿಗೆ ಅದು ಸರಿಯಾಗಿತ್ತು, ಅದಕ್ಕೆ."

ಹಾಜಿ ಬಾಗಿಲಾಚೆ ನೋಡಿದ. ಹೊರಗೆ ಇಬ್ಬರು ಜೆಂಡಾರ್ಮರು ನಿಂತಿದ್ದರು. ಕಮಾಂಡರ್ ಇರಲಿಲ್ಲ.

"ಕತ್ತಲಾಗ್ತಿತ್ತು," ಎಂದ ಕೊನೆಗೆ. "ಮುದುಕ ಅಡ್ಡ ಬಂದ. ನಾನೇನು ಬೇಕಂತ ಹೊಡೆದೆನಾ?"

"ಬಿದ್ದದ್ದು ನೋಡಿದ್ರಾ?"

"ಕನ್ನಡಿಯಲ್ಲಿ... ಕೈ ಎತ್ತಿದ ಹಾಗೆ ಕಾಣಿಸ್ತು."

"ಕೈ ಎತ್ತಿದ್ದು ಕಾಣಿಸ್ತು! ಆದರೂ ನಿಲ್ಲಿಸ್ಲಿಲ್ಲ."

"ನಿಲ್ಲಿಸಿದ್ರೆ ಫಿಲ್ಟರ್ ಹೋಗ್ತಿತ್ತಲ್ಲ!" ಹಾಜಿ ರೇಗಿದ, ಅನ್ಯಾಯವಾದದ್ದು ತನಗೇ ಎನ್ನುವಂತೆ. "ಆಗಷ್ಟೇ ಸುಡೋಕೆ ಶುರುವಾಗಿತ್ತು. ನಿನಗೂ ಗೊತ್ತಲ್ಲ ಅದರ ಬೆಲೆ? ಹಿಂದೆ ಬರೋವ್ರು ಯಾರಾದ್ರೂ ನೋಡ್ಕೋತಾರೆ ಅಂದ್ಕೊಂಡೆ."

ನಜಾತಳ ಕೈ ತಾನಾಗಿ ಮೇಲೆದ್ದಿತು. ಹಲ್ಲು ಕಚ್ಚಿ ಕೆಳಗಿಳಿಸಿದಳು. ಹೊಡೆದರೆ ನಾಳೆ ಇವನ ವಕೀಲನಿಗೆ ಹಬ್ಬ.

"ಬೇಡಿ ಹಾಕಿ ಇವನಿಗೆ," ಎಂದಳು. ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

*

ಲಾಕಪ್ಪಿನ ಬೀಗ ನಜಾತಳೇ ತೆಗೆದಳು. ಕಮಾಂಡರ್ ತನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದ. ಬೂಶ್ತಾ ಹೊರಬಂದು, ನಡೆದದ್ದನ್ನೆಲ್ಲ ಅವಳಿಂದ ಕೇಳಿಸಿಕೊಂಡ.

"ಹೊಸ ಫಿಲ್ಟರ್ ಬೆಲೆಗೆ ಹೆದರಿ ಓಡಿಸಿದ್ನಾ?"

"ಹೂಂ."

"ಹೊಸದು ಯಾಕೆ ಬೇಕಿತ್ತು ಮೇಡಂ? ಬಿಚ್ಚಿ ತೊಳೆದು ಕೂರಿಸ್ತೀನಿ ನಾನು. ಅರ್ಧ ಕುರಿಯ ಬೆಲೆಯೂ ಆಗಲ್ಲ." ಅವನು ಕಂಬಿಗೆ ಗುದ್ದಿದ. "ಒಂದು ಮಾತು ಕೇಳ್ಬಾರದಿತ್ತಾ ಆ ನನ್ಮಗ?"