ಗಂಟೆಯಿಲ್ಲದ ಗೋಪುರದ ಸಾಕ್ಷಿ

ನಾನು ಬಳ್ಳಾರಿಯವನು, ತೆಲುಗು ಬಲ್ಲೆ. ಆದರೆ ವಿಶಾಖಪಟ್ಟಣಕ್ಕೆ ಬಂದದ್ದು ಇದೇ ಮೊದಲು, ಅದೂ ನೌಕಾಪಡೆಯ ಕೆಲಸಕ್ಕೆಂದು. ಭಾನುವಾರ ಬೆಳಿಗ್ಗೆ ಹೆಂಡತಿ ತನುಶ್ರೀಯೊಂದಿಗೆ ಊರಾಚೆಯ ಹಳೆಯ ಅರಮನೆ ನೋಡಲು ಹೋದೆ. ಬಾಗಿಲಲ್ಲಿ ಕಾವಲುಗಾರ ಸಿಂಹಾಚಲಂ, "ಮಳ್ಳೀ ವಚ್ಚಾರಾ ಸಾರ್?" ಎಂದು ನಕ್ಕ. ಮತ್ತೆ ಬಂದಿರಾ ಎನ್ನುವುದು ಇಲ್ಲಿನವರ ಉಪಚಾರವಿರಬೇಕು ಅಂದುಕೊಂಡೆ.

ಅರಮನೆಯಂಗಳದ ಗಡಿಯಾರ ಗೋಪುರದ ನೆರಳಲ್ಲಿ ಕುಳಿತೆವು. ಅಂಥ ಸೆಕೆಯಲ್ಲೂ ಅದರ ಗೋಡೆ ತಣ್ಣಗೆ ಕೊರೆಯುತ್ತಿತ್ತು. ಚೊಚ್ಚಲ ತುಂಬು ಬಸುರಿ ತನುಶ್ರೀ ಹೊಟ್ಟೆ ಸವರಿಕೊಳ್ಳುತ್ತ, "ಹಡಗು ಎಲ್ಲಿಗೇ ಹೋಗ್ಲಿ, ಕೂಸು ಹುಟ್ಟೋದ್ರಾಗ ನೀವು ತಿರುಗಿ ಬಂದೇ ಬರ್ತೀರಿ" ಅಂದಳು.

ಮೇಲೆ ಢಣ್ ಎಂದು ಗಂಟೆ ಹೊಡೆಯಿತು.

"ನೋಡ್ರಿ, ಗಂಟಿ ಆತು! ಖರೇ ಆಗ್ತೈತಿ!" ಅವಳು ಕೈಮುಗಿದಳು. ಗೋಪುರದ ಮೇಲಿನ ಪಾರಿವಾಳಗಳು ಮಾತ್ರ ಕದಲಲಿಲ್ಲ.

ಗಂಟೆ ಎಲ್ಲಿದೆಯೆಂದು ಕೇಳಿದ್ದಕ್ಕೆ ಸಿಂಹಾಚಲಂ ಗೋಪುರದ ಬಾಗಿಲು ತೆರೆದು ತೋರಿಸಿದ. ಒಳಗೆ ಗಡಿಯಾರದ ಯಂತ್ರವೂ ಇಲ್ಲ, ಗಂಟೆಯೂ ಇಲ್ಲ. ತಲೆಯೆತ್ತಿದರೆ ಬರೀ ಆಕಾಶ.

ನನಗೆ ಕುತೂಹಲ ತಡೆಯಲಿಲ್ಲ. ಪರೀಕ್ಷೆ ಮಾಡೋಣವೆಂದು, "ತನುಶ್ರೀಗೆ ಮೀನಂದ್ರೆ ಪ್ರಾಣ" ಅಂದೆ. ಮೀನೆಂದರೆ ಮೂಗು ಮುಚ್ಚುವವಳು ಅವಳು. ಸದ್ದಿಲ್ಲ. ಇನ್ನೊಂದು ಸುಳ್ಳು ಹೇಳಿದೆ: "ನಾನು ಹಿಂದೆಯೂ ಇಲ್ಲಿಗೆ ಬಂದಿದ್ದೆ."

ಢಣ್.

ಸಿಂಹಾಚಲಂಗೆ ಗಂಟೆ ಕೇಳಿಸಿದಂತೆ ಕಾಣಲಿಲ್ಲ. ನಾವು ಹೊರಟಾಗ ತೆಲುಗಿನಲ್ಲಿ ಮೆಲ್ಲಗೆ ಕೇಳಿದ: "ಹೋದ ಸಲ ಎಳೆಗೂಸನ್ನು ಎತ್ತಿಕೊಂಡು ನೀವೊಬ್ಬರೇ ಬಂದಿದ್ದಿರಲ್ಲ ಸಾರ್, ಮಗು ಚೆನ್ನಾಗಿದೆಯಾ?"

ತನುಶ್ರೀಗೆ ತೆಲುಗು ಬರುವುದಿಲ್ಲ. "ಏನಂದ್ರು ಅವರು?" ಎಂದು ದಾರಿಯುದ್ದಕ್ಕೂ ಕೇಳಿದಳು.

ನಾಳೆ ನಮ್ಮ ಹಡಗು ಹೊರಡುತ್ತದೆ. ಸಿಂಹಾಚಲಂ ಕೇಳಿದ್ದನ್ನು ನಾನಿನ್ನೂ ಅವಳಿಗೆ ಹೇಳಿಲ್ಲ.