ಮಲ್ಲಿಗೆ ಬುಡದ ಬೆರಳುಗಳು

ರೊಟ್ಟಿ ತಟ್ಟುತ್ತಿದ್ದೆ. ಹಂಚಿನ ಮೇಲಿನದಕ್ಕೆ ನೀರು ಸವರಿ ತಿರುವಿ ಹಾಕಬೇಕು ಎನ್ನುವಷ್ಟರಲ್ಲಿ ಹಿತ್ತಲ ಬಾಗಿಲು ತಳ್ಳಿಕೊಂಡು ಜಡೆಮ್ಮ ಒಳಗೆ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕುರುಗೋಡಿನಿಂದ ಮೊದಲ ಬಸ್ಸಿಗೇ ಬಳ್ಳಾರಿಗೆ ಬಂದಿದ್ದಳು. ಸಿರಿಗೇರಿಯ ನಮ್ಮ ಚಿಕ್ಕಪ್ಪನ ಮಗಳು ಅವಳು. ಗಂಡ ತೀರಿಕೊಂಡ ಮೇಲೂ ಕುರುಗೋಡಿನ ಅತ್ತೆಯ ಮನೆಯಲ್ಲೇ ಇದ್ದಳು.

"ಅಕ್ಕಾ, ನಾಳೆ ನನ್ನ ಹಲ್ಲು ಕೀಳ್ತಾರಂತ."

"ಯಾರವ್ವಾ? ಏನಂತಿ?"

"ನಾ ಮಾಟ, ಬಾನಾಮತಿ ಮಾಡೀನಂತ. ಮಂತ್ರ ಹಾಕಾಂವ ಬಂದು ನಮ್ಮನ್ಯಾಗ ಕುಂತಾನ. ಹಲ್ಲು ಕಿತ್ತರ ಬಾಯಾಗ ಮಂತ್ರ ನಿಲ್ಲಂಗಿಲ್ಲಂತ. ನಾಳೆ ಅಮಾಸಿ ದಿನ ಹಲ್ಲು ಕಿತ್ತು ಊರು ಬಿಡಿಸ್ತಾರ. ಹಂಪವ್ವನ್ನ ಅಲ್ಲೇ ಇಟ್ಕೊಂಡಾರಕ್ಕ, ಕೊಡವಲ್ಲರು."

ಹಂಪಮ್ಮ ಅವಳ ಮಗಳು. ಇನ್ನೂ ತಾಯಿಯ ಸೆರಗು ಹಿಡಿದೇ ನಿದ್ದೆ ಮಾಡುವ ವಯಸ್ಸು. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತು. ನಾನು ಒಲೆಗೆ ನೀರು ಚಿಮುಕಿಸಿ, ಅವಳ ಕೈ ಹಿಡಿದುಕೊಂಡು ಮಹಡಿಯ ಮೆಟ್ಟಿಲು ಹತ್ತಿದೆ.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದವರು ವಿಜಯಾಬಾಯಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಆದರೆ ಓಣಿಯಲ್ಲಿ ಏನು ಕಳೆದರೂ, ಯಾರ ಮೇಲೆ ಅಪವಾದ ಬಂದರೂ ಜನ ಠಾಣೆಗೆ ಹೋಗುವ ಮೊದಲು ಅವರ ಬಾಗಿಲು ಬಡಿಯುತ್ತಿದ್ದರು. ಅವರು ಹೋದಲ್ಲಿಗೆಲ್ಲ ಬುತ್ತಿ ಕಟ್ಟಿಕೊಂಡು ಹಿಂದೆ ಹೋಗುತ್ತಿದ್ದವಳು ನಾನು.

"ಅಳೋದು ಆಮ್ಯಾಲ," ಎಂದರು ಬಾಯಿ, ಜಡೆಮ್ಮನಿಗೆ ಚಾಪೆ ಹಾಸುತ್ತ. "ಕಣ್ಣಿಲೆ ಏನು ಕಂಡಿ, ಅಷ್ಟ ಹೇಳು."

"ಮಲ್ಲಿಗಿ ಬುಡದಾಗ ಬೆರಳು ಎದ್ದಾವ್ರಿ. ಕೆಂಪನ್ನ ಬೆರಳು, ತುದಿಗೆ ಕರೀ ಲೋಳಿ. ಹೆಣದ ವಾಸನಿ ಬಡೀತೈತಿ, ನೊಣ ಮುತ್ತತಾವು. ಆ ಮಲ್ಲಿಗಿ ನಾ ಹಚ್ಚಿದ್ದು. ಆಮ್ಯಾಲ ನಾನೂ ಮಗಳೂ ಮಲಗೋ ಖೋಲಿ ಕಿಟಕಿ ಕೆಳಗ ಎದ್ವು. ಅಷ್ಟ್ರಾಗ ನಮ್ಮತ್ತೀಗೆ ಜ್ವರ ಬಂತು. ಎಲ್ಲಾ ನನ್ನ ಮ್ಯಾಲ ಬಂತ್ರಿ."

"ಬೆರಳು ಏಳೋಕಿಂತ ಮೊದಲ ಅಲ್ಲಿ ಏನರ ಇತ್ತೇನು?"

ಜಡೆಮ್ಮ ನೆನಪಿಸಿಕೊಂಡಳು. "ಒಂದ್ಸಲ ಬೆಳ್ಳಗ, ಗುಂಡಗ, ಕೋಳಿ ತತ್ತಿ ಇದ್ದಂಗ ಕಂಡಿತ್ತು. ನಾ ಮುಟ್ಟಲಿಲ್ರಿ. ನಮ್ಮನ್ಯಾಗ ತತ್ತಿ ಹೆಸರು ತಗದ್ರೂ ಬಾಯಿ ತೊಳಕೋಬೇಕು."

"ಅಣಬೆ ಅದು," ಎಂದರು ಬಾಯಿ. "ನೊಣ ಕರಿಲಿಕ್ಕೆ ನಾರ್ತದ. ನೊಣದ ಕಾಲಿಗೆ ಆ ಲೋಳಿ ಹತ್ತಿದ್ರನ ಅದರ ಬೀಜ ಹರಡೋದು. ಅದರಾಗೇನೂ ಮಾಟ ಇಲ್ಲ." ಆಮೇಲೆ ಜಡೆಮ್ಮನ ಕಡೆ ತಿರುಗಿ, "ಆದ್ರ ಆ ಅಣಬೆಗೆ ನಿನ್ನ ಖೋಲಿ ಯಾವುದು ಅಂತ ಹೆಂಗ ಗೊತ್ತಾತು?" ಎಂದರು.

ಮೂವರೂ ಕುರುಗೋಡಿಗೆ ಹೊರಟೆವು. ಬಸ್ಸಿನಲ್ಲಿ ಜಡೆಮ್ಮ ಇನ್ನೊಂದು ಮಾತು ಹೇಳಿದಳು. ಸಿರುಗುಪ್ಪದ ಒಬ್ಬ ದರ್ಜಿ, ಹೆಂಡತಿ ಸತ್ತವನು, ಅವಳನ್ನು ಉಡಿಕೆಗೆ ಕೇಳಿದ್ದ. ವಿಧವೆ ಮತ್ತೆ ಮದುವೆಯಾಗುವುದಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ, ಉಡಿಕೆ ಎನ್ನುತ್ತೇವೆ. "ಮಗಳನ್ನ ಕರ್ಕೊಂಡ ಬರ್ತೀನಿ, ಇಲ್ಲಂದ್ರ ಇಲ್ಲ ಅಂದೀನಿ. ಆತು ಅಂದಾನ," ಎಂದಳು.

ಕುರುಗೋಡಿನ ಆ ಮನೆಯ ಹೊಸ್ತಿಲಲ್ಲೇ ವಾಸನೆ ಮೂಗಿಗೆ ಹೊಡೆಯಿತು. ಜಗಲಿಯ ಮೇಲೆ ಮಂತ್ರವಾದಿ ತಂಬಾಕು ತಿಕ್ಕುತ್ತ ಕುಳಿತಿದ್ದ. ಪಕ್ಕದಲ್ಲಿ ಕೆಂಪು ಬಟ್ಟೆಯ ಮೇಲೆ ಇಕ್ಕಳ ಇತ್ತು. ಅದನ್ನು ನೋಡಿ ನನ್ನ ನಾಲಿಗೆ ತಾನಾಗಿ ಹಲ್ಲುಗಳನ್ನು ಮುಟ್ಟಿಕೊಂಡಿತು.

ಒಳಗೆ ಅತ್ತೆ ಕೊಟ್ರಬಸಮ್ಮ ಕೌದಿ ಹೊದ್ದು ಮಲಗಿದ್ದಳು. ಅವಳ ಮಗ್ಗುಲಲ್ಲಿ ಹಂಪಮ್ಮ. ಮುದುಕಿಯ ಕೈ ಮಗುವಿನ ರಟ್ಟೆಯ ಮೇಲಿತ್ತು. ತಾಯಿಯನ್ನು ಕಂಡು ಮಗು ಎದ್ದಿತು, ಮುದುಕಿಯ ಮುಖ ನೋಡಿತು, ಮತ್ತೆ ಕುಳಿತಿತು. ನಾನು ಬುತ್ತಿ ಬಿಚ್ಚಿ ಹಂಪಮ್ಮನಿಗೆ ರೊಟ್ಟಿ ಕೊಟ್ಟೆ. ಕೈಯಲ್ಲಿ ಹಿಡಿದುಕೊಂಡಳು, ತಿನ್ನಲಿಲ್ಲ. ಎರಡು ಸಲ ಅವಳ ತುಟಿ ಏನೋ ಕೇಳಲು ತೆರೆಯಿತು, ಹಾಗೇ ಮುಚ್ಚಿತು.

ಹಿರಿಯ ಸೊಸೆ ಚನ್ನವೀರಮ್ಮ ಹಿತ್ತಲಲ್ಲಿ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು. "ಬರ್ರಿ ಕಾಲೇಜು ಬಾಯಾರ. ಬೆರಳಿಗೆ ಉಂಗುರ ತಂದೀರೇನು?"

"ಅಳತಿ ನೋಡಿ ಮಾಡಿಸ್ತೀನವಾ," ಎಂದು ವಿಜಯಾಬಾಯಿ ಮೂಗಿಗೆ ಸೆರಗು ಕಟ್ಟಿ ಮಲ್ಲಿಗೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತರು.

ಕಡ್ಡಿಯಿಂದ ಒಂದು ಬೆರಳನ್ನು ಮೆಲ್ಲಗೆ ಎಬ್ಬಿಸಿದರು. ಬುಡಕ್ಕೆ ಹರಿದ ಬಿಳಿ ಚೀಲ, ಒಡೆದ ಮೊಟ್ಟೆಯ ಸಿಪ್ಪೆಯಂತೆ. ಅದರ ಕೆಳಗೆ ನೂಲಿನಂಥ ಬೇರು ತುಂಡಾಗಿತ್ತು. ಚೀಲಕ್ಕೆ ಭತ್ತದ ಹೊಟ್ಟು ಅಂಟಿಕೊಂಡಿತ್ತು. ಸುತ್ತ ಇದ್ದದ್ದು ಬರೀ ಕೆಮ್ಮಣ್ಣು, ಸಗಣಿ ಗೊಬ್ಬರ. ಕಿಟಕಿಯ ಕೆಳಗಿನವೂ ಹಾಗೇ ಇದ್ದವು.

"ಭತ್ತದ ಹೊಟ್ಟು ಈ ಮನ್ಯಾಗ ಎಲ್ಲದ?"

ಭಾವ ಮರಿಬಸಪ್ಪ ಮುಂದೆ ಬಂದ. ಜಡೆಮ್ಮನ ಗಂಡನ ಅಣ್ಣ, ಚನ್ನವೀರಮ್ಮನ ಗಂಡ. ಮಂತ್ರವಾದಿಯನ್ನು ಕರೆತಂದವನೂ ಅವನೇ. "ದನದ ಕೊಟ್ಟಿಗ್ಯಾಗ ಐತ್ರಿ. ಸಿರುಗುಪ್ಪದ ಮಿಲ್ಲಿಂದ ನಾನ ಗಾಡಿ ಹೊಡ್ಕೊಂಡು ತರ್ತೀನಿ, ದನದ ಕಾಲಾಗ ಹಾಸಾಕ."

ಕೊಟ್ಟಿಗೆಯ ಹಿಂದೆ ಹೊಟ್ಟಿನ ರಾಶಿ ಮಳೆಗೆ ನೆನೆದು ಕೊಳೆತಿತ್ತು. ಅದರ ಒಂದು ಮಗ್ಗುಲಲ್ಲಿ ಬಿಳಿ ಗುಂಡುಗಳು ತಲೆ ಹಾಕಿದ್ದವು. ಕೆಲವು ಕಡೆ ಗುಂಡು ಇರಲಿಲ್ಲ, ಬಟ್ಟಲಿನಿಂದ ಬಗೆದಂಥ ತಗ್ಗುಗಳಿದ್ದವು. ಒಣಗಿದ, ಹೊಟ್ಟು ಅಂಟದ ಸಲಿಕೆ ಗೋಡೆಗೆ ಒರಗಿ ನಿಂತಿತ್ತು. ತಿಪ್ಪೆಯ ಅಂಚಿನಲ್ಲಿ ಬಿದ್ದಿದ್ದ ತೆಂಗಿನ ಕರಟವನ್ನು ಬಾಯಿ ಎತ್ತಿ ತೋರಿಸಿದರು. ಒಳಗೆ ಲೋಳೆ ಒಣಗಿ ಹೊಟ್ಟು ಅಂಟಿತ್ತು.

"ಮರಿಬಸಪ್ಪನೇ," ಎಂದು ನಾನು ಪಿಸುಗುಟ್ಟಿದೆ. "ಹೊಟ್ಟು ತರೋನು ಅವನೇ."

"ದಿನಾ ಸಲಿಕಿ ಹಿಡಿಯೋನು ಕರಟ ಯಾಕ ಹುಡುಕ್ಯಾನು?" ಎಂದರು ಬಾಯಿ.

ಚನ್ನವೀರಮ್ಮ ಬಾವಿಯಿಂದ ನೀರು ಸೇದುತ್ತ ಗೊಣಗುತ್ತಿದ್ದಳು. ನಾನು ಹಗ್ಗಕ್ಕೆ ಕೈ ಕೊಟ್ಟೆ. ಅಡುಗೆ, ಕಸ, ದನ, ಎಲ್ಲಾ ತನ್ನ ತಲೆಗೇ ಬಂತೆಂದಳು. "ನಮ್ಮತ್ತೀಗೆ ಜ್ವರ ಬರದ ಏನಾದೀತ್ರಿ? ಮುಂಜಾನಿ ಜಳಕ ಆಗಿರ್ತೈತಿ, ಸಂಜಿ ಮುಂದ ಮತ್ತ ತಲಿ ಮ್ಯಾಲ ತಣ್ಣೀರು ಸುರಕೊಂತಾಳ. ಯಾಕಬೇ ಅಂದ್ರ ಮೈಲಿಗಿ ಆಗೈತಿ ಅಂತಾಳ."

"ದಿನಾ ಹಿಂಗೇನು?" ಎಂದು ಬಾಯಿ ಕೇಳಿದರು.

"ದಿನಾ ಎಲ್ಲಿ! ಬೆರಳು ಏಳೋದರ ಹಿಂದಿನ ಸಂಜಿ. ಮುದುಕಿಗೆ ಮೊದಲ ಮೈಯಾಗ ತಿಳೀತೈತಿ ಅಂತಾನ ಮಂತ್ರದಾಂವ."

ಬಾಯಿ ಕೊಟ್ಟಿಗೆಯ ಹಿಂದಕ್ಕೆ ಹೋದರು. ರಾಶಿಯಿಂದ ಒಂದು ಗುಂಡನ್ನು ಹೊಟ್ಟಿನ ಸಮೇತ ಬೋಗುಣಿಗೆ ತೆಗೆದು, ನೀರು ಚಿಮುಕಿಸಿ, ಜಗಲಿಯ ಮೇಲೆ ಮಂತ್ರವಾದಿಯ ಮುಂದೆ ಇಟ್ಟರು. "ಇದನ್ನ ನೀವ ಕಾಯಬೇಕ್ರಿ. ಜಡೆಮ್ಮ ಈ ಕಡೆ ಬರದಂಗ ನೋಡ್ಕೋರಿ. ಬೆಳಗಾದ ಮ್ಯಾಲ ಮಾತಾಡೋಣ."

"ನನ್ನ ಮುಂದ ಏನೂ ಏಳಂಗಿಲ್ಲ," ಎಂದು ಅವನು ನಕ್ಕ.

ಜಡೆಮ್ಮನನ್ನು ನಾವು ಊರ ಹಿರಿಯರೊಬ್ಬರ ಮನೆಯಲ್ಲಿ ಇರಿಸಿಕೊಂಡೆವು. ಅವಳು ಕಣ್ಣು ಮುಚ್ಚಲಿಲ್ಲ. ಮಗಳು ಮಲಗುವ ಮಗ್ಗುಲನ್ನು ಬರಿಗೈಯಿಂದ ತಡವುತ್ತಿದ್ದಳು. "ಅಕ್ಕಾ, ಹಲ್ಲು ಕೀಳಲಿ ಬೇಕಾದ್ರ. ಮಗಳನ್ನ ಕೊಟ್ರ ಸಾಕು," ಎಂದಳು. ನನ್ನ ಮಕ್ಕಳು ಬಳ್ಳಾರಿಯಲ್ಲಿ ಅವರಜ್ಜಿಯ ಹತ್ತಿರ ಬೆಚ್ಚಗೆ ಮಲಗಿದ್ದಾರೆಂಬುದೇ ನನಗೆ ಅಪರಾಧದಂತೆ ಅನಿಸಿತು.

ಬೆಳಗಾಯಿತು. ಜಡೆಮ್ಮನೊಡನೆ ನಾವು ಆ ಮನೆಗೆ ಹೋದೆವು. ಅಂಗಳದಲ್ಲಿ ಹಿರಿಯರು, ಮನೆಯವರು ಸೇರಿದರು. ಮುದುಕಿಯನ್ನು ಎತ್ತಿ ತಂದು ಕಂಬಕ್ಕೆ ಒರಗಿಸಿದರು. ಮಗು ಅವಳ ಕೈಯಲ್ಲೇ ಇತ್ತು. ಜಗಲಿಯ ಮೇಲೆ ಮಂತ್ರವಾದಿ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ. ಅವನ ಮುಂದಿನ ಬೋಗುಣಿಯಲ್ಲಿ ಕೆಂಪು ಬೆರಳೊಂದು ನೆಟ್ಟಗೆ ಎದ್ದು, ನೊಣ ಕರೆಯುತ್ತಿತ್ತು.

"ನಿಮ್ಮ ಮುಂದ ಎದ್ದದಲ್ರಿ," ಎಂದರು ವಿಜಯಾಬಾಯಿ. "ಹಂಗಾದ್ರ ಮೊದಲ ಯಾರ ಹಲ್ಲು ಕೀಳೋಣು?"

ಯಾರೋ ನಕ್ಕರು. ಮಂತ್ರವಾದಿ ಇಕ್ಕಳವನ್ನು ಬಟ್ಟೆಯೊಳಗೆ ಸುತ್ತಿದ. ಮಾತು ಮುಗಿಯುವುದರೊಳಗೆ ಅವನು ಬಸ್ಸಿನ ದಾರಿ ಹಿಡಿದಿದ್ದ.

"ಇದು ಅಣಬೆ. ಕೊಳೆತ ಹೊಟ್ಟಿನಾಗ ಹುಟ್ಟತದ," ಎಂದು ಬಾಯಿ ಹಿರಿಯರ ಕಡೆ ತಿರುಗಿದರು. "ಮಲ್ಲಿಗಿ ಬುಡದಾಗ ಹೊಟ್ಟಿಲ್ಲ. ಆದ್ರ ಅಲ್ಲಿ ಎದ್ದ ಬೆರಳಿಗೆ ಹೊಟ್ಟು ಅಂಟಿತ್ತು, ಬೇರು ಹರಿದಿತ್ತು. ಅಂದ್ರ ಯಾರೋ ರಾಶಿಯಿಂದ ಕಿತ್ತು ತಂದು ಜಡೆಮ್ಮ ಓಡಾಡೋ ಕಡೆ ಹುಗದಾರ. ಸಂಜಿಗೆ ಹುಗದ್ರ ಬೆಳಗಿಗೆ ಏಳ್ತದ."

"ನಾ ಅಲ್ಲ!" ಎಂದು ಮರಿಬಸಪ್ಪ ಎದ್ದು ನಿಂತ.

"ನೀ ಅಲ್ಲಪ್ಪ. ನೀ ಆಗಿದ್ರ ಸಲಿಕಿ ಹಿಡೀತಿದ್ದಿ. ಕಿತ್ತೋರಿಗೆ ಅದು ತತ್ತಿ ಹಂಗ ಕಂಡದ. ಕೈಲೆ ಮುಟ್ಟಲಿಕ್ಕೆ ಮನಸು ಬರಲಿಲ್ಲ, ಮನಿ ಸಲಿಕಿಗೂ ಮೈಲಿಗಿ ಹಚ್ಚಲಿಲ್ಲ. ಒಗೆಯೋ ಕರಟದಾಗ ಬಗೆದು ತಂದ್ರು. ಅಷ್ಟಾದ್ರೂ ಮೈಲಿಗಿ ಹೋಗಲಿಲ್ಲ ಅನಿಸಿತು, ತಲಿ ಮ್ಯಾಲ ನೀರು ಹಾಕ್ಕೊಂಡ್ರು. ಚನ್ನವೀರಮ್ಮ, ಬೆರಳು ನೋಡಿದ ಮ್ಯಾಲ ನೀವೆಲ್ಲಾ ಜಳಕ ಮಾಡಿದ್ರಿ. ನೋಡೋ ಮೊದಲ, ಹಿಂದಿನ ಸಂಜಿಗೇ ಮಾಡಿದವರು ಯಾರು?"

ಚನ್ನವೀರಮ್ಮನ ಕೈ ಬಾಯಿಗೆ ಹೋಯಿತು. ಎಲ್ಲರೂ ಕಂಬದ ಕಡೆ ನೋಡಿದರು.

"ಆ ತಣ್ಣೀರಿಂದನ ಜ್ವರ ಬಂತು," ಎಂದರು ಬಾಯಿ ಮೆತ್ತಗೆ. "ಹೌದಲ್ಲೇನ್ರಿ, ಕೊಟ್ರಬಸಮ್ಮಾರ?"

 ಮುದುಕಿ ಮಗುವಿನ ತಲೆಯ ಮೇಲೆ ಗದ್ದ ಇಟ್ಟಳು.

"ಉಡಿಕಿ ಆಗಿ ಹೋಗಲಿ, ನಾ ಬ್ಯಾಡನ್ನಂಗಿಲ್ಲ," ಎಂದಳು. "ಒಬ್ಬಾಕಿ ಹೋಗಲಿ. ಈ ಕೂಸಿನ ಮಾರಿ ಪೂರಾ ನನ್ನ ಮಗಂದು. ಅದನ್ನೂ ಸಿರುಗುಪ್ಪಕ್ಕ ಒಯ್ದರ ನನಗೇನು ಉಳೀತು? ಹೆದರಿ ಕೂಸು ಬಿಟ್ಟು ತವರಿಗೆ ಓಡ್ತಾಳ ಅಂದ್ಕೊಂಡೆ. ಮರಿಬಸಪ್ಪ ಇಕ್ಕಳ ಹಿಡಕೊಂಡಾಂವನ್ನ ಕರ್ಕೊಂಡ ಬಂದ. ಆಮ್ಯಾಲ ಬಾಯಿ ಬಿಡಾಕ ನನಗ ಧೈರ್ಯ ಬರಲಿಲ್ಲ."

"ಹಲ್ಲು ಕಿತ್ತಿದ್ರ, ಅತ್ತೀ?" ಎಂದಳು ಜಡೆಮ್ಮ. ಅಷ್ಟೇ ಕೇಳಿದಳು.

ಹಿರಿಯರು ತಲೆ ತಗ್ಗಿಸಿದರು. ಮರಿಬಸಪ್ಪ ಬೋಗುಣಿಯನ್ನು ಎತ್ತಿಕೊಂಡು ಹೊರಗೆ ಹೋದ. ಮುದುಕಿಯ ಕೈ ಸಡಿಲವಾಗಿತ್ತು, ಆದರೆ ಹಂಪಮ್ಮ ತಾಯಿಯ ಕಡೆ ಓಡಲಿಲ್ಲ. ಎದ್ದು ನಿಂತು ಅಜ್ಜಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅಂಗಳದಲ್ಲಿ ಎಲ್ಲರಿಗೂ ಕೇಳುವಂತೆ ಕೇಳಿದಳು:

"ಅಜ್ಜೀ, ನಾ ನಿನಕೂಡ ಇಲ್ಲೇ ಇರ್ತೀನಿ ಅಂದ್ರ, ನಮ್ಮವ್ವನ್ನ ಬಿಡ್ತೀಯೇನು?"